ಮರೆವಿನ ಮೊಳೆಗೆ ನಮ್ಮ ಭಾವನ ಬೀಗ

ನಮ್ಮ ಭಾವ ಅಡುಗೆಮನೆಯ ಮಿಕ್ಸಿ ತೊಳೆಯುವುದನ್ನು ಒಮ್ಮೆ ನೋಡಿದವರು ಆ ಮನೆಯಲ್ಲಿ ಹಣ್ಣಿನ ರಸ ಕುಡಿಯುವ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಜಾರನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದರೆ ಕೆಲಸ ಮುಗಿಯಿತು ಎಂದು ನಾವು ನೀವು ತಿಳಿದಿದ್ದೇವೆ. ಭಾವನ ಲೆಕ್ಕ ಬೇರೆ. ಮೊದಲು ಸ್ವಿಚ್ಚು ಆರಿಸುತ್ತಾರೆ. ಆಮೇಲೆ ಪ್ಲಗ್ಗು ಕಿತ್ತು ತಮ್ಮ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಜೇಬಿನಿಂದ ಹೊರಟ ವೈರು ಮಿಕ್ಸಿಯವರೆಗೆ ಜೋತಾಡುತ್ತಿರುವಾಗ, ಮಿಕ್ಸಿಯೇ ಭಾವನಿಂದ ಕರೆಂಟು ಎಳೆದುಕೊಳ್ಳುತ್ತಿರುವ ಹಾಗೆ ಕಾಣುತ್ತದೆ. ಅಷ್ಟಾದ ಮೇಲೆ ಮತ್ತೆ ಗುಂಡಿ ಒತ್ತಿ, ಮಿಕ್ಸಿ ಓಡುತ್ತದೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುತ್ತಾರೆ.

"ಪ್ಲಗ್ಗು ನಿಮ್ಮ ಜೇಬಲ್ಲೇ ಇದ್ಯಲ್ರೀ" ಎಂದು ಅಕ್ಕ ಹೇಳುತ್ತಾಳೆ.

"ಇದೆ. ಆದ್ರೂ ಒತ್ತಿ ನೋಡ್ಬೇಕು" ಎಂದು ಭಾವ ಹೇಳುತ್ತಾರೆ.

ಮದುವೆಯಾದಾಗಿನಿಂದ ಆ ಮನೆಯಲ್ಲಿ ಇದೇ ಎರಡು ಮಾತು ನಡೆದುಬಂದಿದೆ. ನಡುವೆ ಮಕ್ಕಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದರು. ಮಾತು ಮಾತ್ರ ಬದಲಾಗಲಿಲ್ಲ.

ಭಾವ ದನಗಳ ಹಿಂಡಿ ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಯಂತ್ರ ಕೆಟ್ಟರೆ ರಿಪೇರಿ ಮಾಡುವುದು, ಕೆಡುವ ಮೊದಲೇ ಬಿಚ್ಚಿ ನೋಡುವುದು ಅವರ ಕೆಲಸ. ಯಂತ್ರದ ವಿಷಯದಲ್ಲಿ ನಾನು ಮಾತಾಡಬಾರದು. ಕಚೇರಿಯಲ್ಲಿ ಕುರ್ಚಿ ಬೆಚ್ಚಗಿಡುವ ಉದ್ಯೋಗ ನನ್ನದು. ನಾನು ಸ್ವಂತ ಕೈಯಿಂದ ರಿಪೇರಿ ಮಾಡಿದ ಅತಿ ದೊಡ್ಡ ಯಂತ್ರ ಸ್ಟೇಪ್ಲರ್, ಅದೂ ಆಮೇಲೆ ಕೆಲಸ ಮಾಡಲಿಲ್ಲ. ಆದರೂ ಭಾವನ ಕಾರ್ಖಾನೆ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅವರ ಮನೆಯಲ್ಲಿ ಊಟಕ್ಕೆ ಕೂತರೆ ಬೇರೆ ಯಾವ ವಿಷಯವೂ ಎಲೆಯ ಹತ್ತಿರ ಸುಳಿಯುತ್ತಿರಲಿಲ್ಲ.

ಆ ಕಾರ್ಖಾನೆಗೆ ಹೊಕ್ಕರೆ ಮೊದಲು ಮೂಗಿಗೆ ಬಡಿಯುವುದು ಕಾಕಂಬಿಯ ಸಿಹಿ ವಾಸನೆ. ಸಕ್ಕರೆ ಮಾಡಿ ಉಳಿದ ಕಪ್ಪು ಪಾಕ ಅದು, ಹಿಂಡಿಗೆ ಬೆರೆಸುತ್ತಾರೆ. ಕೈಕಂಬಿ, ಮೆಟ್ಟಿಲು, ಬಾಗಿಲ ಹಿಡಿಕೆ ಎಲ್ಲವೂ ಅಂಟಂಟು. ಅದರ ಮೇಲೆ ತೌಡಿನ ದೂಳು ಕೂತು, ಸಂಜೆ ಹೊತ್ತಿಗೆ ಅಲ್ಲಿ ದುಡಿಯುವವರೆಲ್ಲ ಹಿಟ್ಟಿನಲ್ಲಿ ಹೊರಳಿಸಿಟ್ಟ ಹಾಗೆ ಕಾಣುತ್ತಾರೆ. ಮಧ್ಯದಲ್ಲಿ ದೊಡ್ಡ ಮಿಕ್ಸರು. ಅಡ್ಡ ಮಲಗಿಸಿದ ಕಬ್ಬಿಣದ ತೊಟ್ಟಿ, ಒಳಗೆ ಉದ್ದಕ್ಕೂ ಒಂದು ಅಚ್ಚು, ಅಚ್ಚಿನ ತುಂಬ ಮೊರದಗಲದ ರೆಕ್ಕೆಗಳು. ಪಕ್ಕದಲ್ಲಿ ಆಳು ನುಸುಳುವಷ್ಟು ಒಂದು ಬಾಗಿಲು. ರೆಕ್ಕೆ ಸವೆದರೆ, ಹಿಂಡಿ ಗಟ್ಟಿಯಾಗಿ ಕಚ್ಚಿಕೊಂಡರೆ, ಮನುಷ್ಯರೇ ಆ ಬಾಗಿಲಿನಿಂದ ಒಳಗೆ ಹೋಗಬೇಕು. ಅವರು ಒಳಗಿರುವಾಗ ಹೊರಗೆ ಯಾರೋ ಪುಣ್ಯಾತ್ಮ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಭಾವ ಊಟದ ಹೊತ್ತಿನಲ್ಲಿ ವಿವರಿಸಲು ಹೊರಟಾಗಲೆಲ್ಲ ಅಕ್ಕ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿ ಬಾಯಿ ಮುಚ್ಚಿಸುತ್ತಿದ್ದಳು.

ಆ ಪುಣ್ಯಾತ್ಮನನ್ನು ತಡೆಯಲೆಂದೇ ಬೀಗ. ಒಳಗೆ ಹೋಗುವ ಮೊದಲು ಮೇನ್ ಸ್ವಿಚ್ಚನ್ನು ಕೆಳಗೆಳೆದು, ಅದಕ್ಕೊಂದು ತೂತುಗಳ ಕೊಂಡಿ ಸಿಕ್ಕಿಸಿ, ಒಳಗೆ ಹೋಗುವ ಪ್ರತಿಯೊಬ್ಬರೂ ಒಂದೊಂದು ತೂತಿಗೆ ತಮ್ಮ ತಮ್ಮ ಕೆಂಪು ಬೀಗ ಹಾಕಬೇಕು. ಬೀಗದ ಜೊತೆ ಒಂದು ಚೀಟಿ, ಚೀಟಿಯ ಮೇಲೆ ಅವರವರ ಫೋಟೋ, ಕೆಳಗೆ ಒಂದು ಸಾಲು: 'ನಾನು ಕೆಲಸದಲ್ಲಿದ್ದೇನೆ. ನನ್ನನ್ನು ಕೇಳದೆ ಮುಟ್ಟಬೇಡಿ.' ಕೀಲಿ ಹಾಕಿದವರ ಜೇಬಿನಲ್ಲೇ ಇರಬೇಕು. ಹಾಕಿದವರೇ ತೆಗೆಯಬೇಕು. ಕೊನೆಯ ಬೀಗ ಹೊರಬರುವವರೆಗೆ ಯಂತ್ರ ಓಡುವಂತಿಲ್ಲ. ಕರೆಂಟು ಒಂದನ್ನೇ ಕಟ್ಟಿದರೆ ಸಾಲದು ಎಂದು ಭಾವ ಬೇರೆ ಹೇಳುತ್ತಿದ್ದರು. ಪೈಪಿನಲ್ಲಿ ಉಳಿದ ಗಾಳಿ ಬಿಡಬೇಕು, ಆವಿ ಬಿಡಬೇಕು, ಎತ್ತಿಟ್ಟ ಭಾರ ಇಳಿಸಬೇಕು. ಸ್ವಿಚ್ಚು ಆರಿಸಿದ ಮೇಲೂ ಒಳಗೆ ಒತ್ತಡ ಉಳಿದಿರುತ್ತದೆ, ಅದೇ ಹೆಚ್ಚು ಅಪಾಯ. ಈ ಮಾತು ಹೇಳುವಾಗ ಅವರು ಓರೆಗಣ್ಣಿನಿಂದ ಅಕ್ಕನ ಕಡೆ ನೋಡುತ್ತಿದ್ದರು. ಜಗಳವಾದ ಮಾರನೆಯ ದಿನ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು "ಟೀ ಇದ್ಯಾ?" ಎಂದು ಕೇಳುವುದು ಅವರ ಪಾಲಿಗೆ ಗುಂಡಿ ಒತ್ತಿ ನೋಡಿದ ಹಾಗೆ. ಪಾತ್ರೆಯ ಸದ್ದಿನಿಂದ ಉತ್ತರ ತಿಳಿಯುತ್ತಿತ್ತು.

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಬೀಗದಣ್ಣ ಎನ್ನುತ್ತಿದ್ದರು. ಆ ಹೆಸರಿನಲ್ಲಿ ಪ್ರೀತಿ ಎಷ್ಟಿತ್ತೋ ದಿಗಿಲೂ ಅಷ್ಟೇ ಇತ್ತು, ಅದಕ್ಕೆ ಕಾರಣ ಮರೆವಿನ ಮೊಳೆ.

ಕ್ಯಾಂಟೀನಿನ ಗೋಡೆಗೆ, ಕೈ ತೊಳೆಯುವ ತೊಟ್ಟಿಯ ಮೇಲ್ಗಡೆ, ಭಾವನೇ ಹೊಡೆದಿದ್ದ ಬೆರಳುದಪ್ಪದ ಮೊಳೆ ಅದು. ತುದಿಯನ್ನು ಬಗ್ಗಿಸಿ ಉಂಗುರ ಮಾಡಿದ್ದರು. ಯಾರಾದರೂ ತಮ್ಮ ಬೀಗವನ್ನು ಯಂತ್ರದಲ್ಲೇ ಬಿಟ್ಟು, ಕೀಲಿ ಜೇಬಿನಲ್ಲಿಟ್ಟುಕೊಂಡು ಮನೆಗೆ ನಡೆದರೆ, ಯಂತ್ರ ನಿಂತೇ ಇರುತ್ತದಲ್ಲ, ಆಗ ಬೀಗವನ್ನು ಕತ್ತರಿಸಬೇಕಾಗುತ್ತದೆ. ಕತ್ತರಿಸುವುದಕ್ಕೂ ಕ್ರಮವಿದೆ. ಮೊದಲು ಬೀಗದ ಒಡೆಯನಿಗೆ ಫೋನು ಮಾಡಬೇಕು. ಅವನು ಹೊರಗೆಲ್ಲೋ ಇದ್ದೇನೆಂದು ಬಾಯಿಬಿಟ್ಟು ಹೇಳಿ ಒಪ್ಪಿಗೆ ಕೊಟ್ಟರೆ ಕತ್ತರಿಸಬಹುದು. ಸಿಗದಿದ್ದರೆ ಇಡೀ ಯಂತ್ರವನ್ನು, ಅದರ ಹೊಟ್ಟೆ ಬೆನ್ನು ಸಂದಿಗೊಂದಿಗಳನ್ನು ಹುಡುಕಿ, ಅವನು ಒಳಗಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕತ್ತರಿ ಹಾಕಬೇಕು. ಇಷ್ಟು ಎಲ್ಲ ಕಡೆಯೂ ಇರುವ ನಿಯಮ. ಭಾವ ಸೇರಿಸಿದ್ದು ಆಮೇಲಿನದು. ಕತ್ತರಿಸಿದ ಬೀಗವನ್ನು ಫೋಟೋ ಸಮೇತ ಈ ಮೊಳೆಗೆ ನೇತುಹಾಕುವುದು. ಕೈ ತೊಳೆಯಲು ಬಂದವರೆಲ್ಲ ನೋಡಿಕೊಂಡು ಹೋಗುವುದು.

ಒಮ್ಮೆ ಮ್ಯಾನೇಜರ ಬೀಗವೂ ಮೊಳೆಗೆ ಏರಿತು. ಅವರು ಮಿಕ್ಸರಿನೊಳಗೆ ಇಣುಕಿ ನೋಡುವ ಉತ್ಸಾಹದಲ್ಲಿ ನಿಯಮದಂತೆ ಬೀಗ ಹಾಕಿ, ಯಾವುದೋ ಮೀಟಿಂಗಿನ ಅವಸರದಲ್ಲಿ ಕೀಲಿ ಸಮೇತ ಊರು ಬಿಟ್ಟಿದ್ದರು. ಅಂದಿನಿಂದ ಟೈ ಕಟ್ಟಿಕೊಂಡು ನಗುತ್ತಿರುವ ಅವರ ಫೋಟೋ ತೊಟ್ಟಿಯ ಮೇಲೆ ತೂಗುತ್ತ, ಸಾಬೂನಿನ ನೀರು ಸಿಡಿದು ಸಿಡಿದು ಅರ್ಧ ಮೀಸೆ ಕಳೆದುಕೊಂಡಿತ್ತು. ತೆಗೆಸುವ ಅಧಿಕಾರ ಅವರಿಗಿತ್ತು. ಆದರೆ ತೆಗೆಸಿದರೆ ಎಲ್ಲರೂ ಇನ್ನೂ ಜೋರಾಗಿ ನಗುತ್ತಾರೆಂಬ ಬುದ್ಧಿಯೂ ಅವರಿಗಿತ್ತು. ಹಾಗಾಗಿ ಅವರು ಕೈ ತೊಳೆಯಲು ಬೇರೆ ತೊಟ್ಟಿಗೆ ಹೋಗುತ್ತಿದ್ದರು, ಕಾಯುತ್ತಿದ್ದರು.

ಕಾಯುವುದಕ್ಕೆ ಫಲವೇನೂ ಕಾಣಲಿಲ್ಲ. ಭಾವನ ಬೀಗ ಎಂದೂ ಮೊಳೆಗೆ ಏರಲಿಲ್ಲ. "ನನ್ನ ಬೀಗಕ್ಕೆ ಕತ್ತರಿಯ ನೆರಳೂ ಬಿದ್ದಿಲ್ಲ" ಎಂದು ಅವರು ಮನೆಗೆ ಬಂದ ನೆಂಟರಿಗೆ ಹೇಳುತ್ತಿದ್ದರು. ನೆಂಟರಿಗೆ ಏನೂ ಅರ್ಥವಾಗದೆ, ಇವರ ಮನೆಗೆ ಕಳ್ಳರು ಬರುವುದಿಲ್ಲವೆಂದು ತಿಳಿದುಕೊಂಡು ತಲೆಯಾಡಿಸುತ್ತಿದ್ದರು.

ಇಂಥ ಭಾವ ನಿವೃತ್ತರಾಗುವ ದಿನ ಬಂತು.

ನಿವೃತ್ತಿಯ ದಿನ ಯಾರೂ ಕೆಲಸ ಮಾಡುವುದಿಲ್ಲ. ಭಾವ ಮಾತ್ರ ಮಿಕ್ಸರಿನ ರೆಕ್ಕೆಗಳನ್ನು ಬದಲಿಸುವ ಕೆಲಸ ಇಟ್ಟುಕೊಂಡಿದ್ದರು. ಜೊತೆಗೆ ಅವರ ಜಾಗಕ್ಕೆ ಬರಲಿದ್ದ ಫಿಟ್ಟರಮ್ಮ. ಆಕೆ ನಡುವಯಸ್ಸಿನ ಹೆಂಗಸು, ಕಡಿಮೆ ಮಾತು, ಭಾವ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವರು. ಅಷ್ಟು ಅಚ್ಚುಕಟ್ಟಾಗಿ ತಮ್ಮ ಮಾತು ಕೇಳುವವರನ್ನು ಕಂಡು ಭಾವನಿಗೇ ಕೆಲವೊಮ್ಮೆ ಕಸಿವಿಸಿಯಾಗುತ್ತಿತ್ತಂತೆ, ಮನೆಯಲ್ಲಿ ಅಭ್ಯಾಸವಿರಲಿಲ್ಲ. ಇನ್ನೊಬ್ಬರು ನಿದ್ದೆ ಮಾಮ. ಕಂಟ್ರಾಕ್ಟರ ಕಡೆಯ ಆಳು, ತೊಟ್ಟಿಯೊಳಗೆ ಕಚ್ಚಿಕೊಂಡ ಹಿಂಡಿಯನ್ನು ಕೆರೆದು ತೆಗೆಯುವುದು ಕೆಲಸ. ಮೂಟೆ ಕಂಡರೆ ಮೂಟೆಗೆ ಒರಗಿ, ಗೋಡೆ ಕಂಡರೆ ಗೋಡೆಗೆ ಒರಗಿ ನಿದ್ದೆ ಹೋಗುವ ವರ ಪಡೆದವರು. ಕಾರ್ಖಾನೆಯ ಗದ್ದಲವೇ ಅವರಿಗೆ ಜೋಗುಳ, ಸದ್ದು ನಿಂತರೆ ಎಚ್ಚರವಾಗುತ್ತಿತ್ತಂತೆ.

ರೆಕ್ಕೆಗಳೆಲ್ಲ ಕೂತವು. ಮಾಮ ಹೊರಗೆ ಬಂದು ತಮ್ಮ ಬೀಗ ತೆಗೆದರು. ಫಿಟ್ಟರಮ್ಮನೂ ತೆಗೆದರು. ಭಾವನದು ಯಾವಾಗಲೂ ಕೊನೆಯ ಬೀಗ. ಸಲಕರಣೆ ಒರೆಸಿ, ಪೆಟ್ಟಿಗೆಗೆ ಹಾಕಿ, ಒಂದು ಸುತ್ತು ನೋಡಿ ಆಮೇಲೆ ತೆಗೆಯುವುದು ರೂಢಿ. ಅಷ್ಟರಲ್ಲಿ ಕ್ಯಾಂಟೀನಿನಿಂದ ದಂಡು ಬಂತು. ಟೀ ಆರಿಹೋಗುತ್ತಿದೆ, ಮ್ಯಾನೇಜರು ಭಾಷಣಕ್ಕೆ ಎದ್ದು ನಿಂತಿದ್ದಾರೆ, ಬೀಗದಣ್ಣನೇ ಇಲ್ಲದೆ ಬೀಳ್ಕೊಡುವುದು ಯಾರನ್ನು ಎಂದು ಗದ್ದಲವೆಬ್ಬಿಸಿ, ಭಾವನ ಕೈಯಲ್ಲಿದ್ದ ಬಟ್ಟೆಚೂರನ್ನು ಕಿತ್ತುಕೊಂಡು, ಎರಡೂ ತೋಳು ಹಿಡಿದು ಎಳೆದುಕೊಂಡೇ ಹೋದರು.

ಭಾಷಣಕ್ಕೆ ಅಕ್ಕನೂ ನಾನೂ ಹೋಗಿದ್ದೆವು. ಮ್ಯಾನೇಜರು ಹೃದಯ ತುಂಬಿ ಮಾತಾಡಿದರು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ಈ ಮಹಾನುಭಾವರು ತಮ್ಮ ಬೀಗ ಮರೆತವರಲ್ಲ ಎಂದರು. ಹೇಳುವಾಗ ಅವರ ಧ್ವನಿಯಲ್ಲಿ ಸಣ್ಣ ನಿರಾಸೆಯಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಸದ್ದಿಗೆ ಹಿಂದಿನ ಬೆಂಚಿನಲ್ಲಿದ್ದ ನಿದ್ದೆ ಮಾಮನ ಗೊರಕೆ ಇನ್ನಷ್ಟು ಗಟ್ಟಿಯಾಯಿತು. ಅದೇ ಹೊತ್ತಿಗೆ, ಗೋಡೆಯ ಆಚೆ, ಮಿಕ್ಸರಿನ ಸ್ವಿಚ್ಚಿನಲ್ಲಿ ಮಹಾನುಭಾವರ ಬೀಗ ಒಂಟಿಯಾಗಿ ತೂಗುತ್ತಿತ್ತು.

ಉಡುಗೊರೆಯಾಗಿ ಒಂದು ಸೂಟ್‌ಕೇಸು ಕೊಟ್ಟರು. ಅದಕ್ಕೆ ನಂಬರಿನ ಬೀಗ. ಕೀಲಿಯಿಲ್ಲದ ಬೀಗವನ್ನು ಭಾವ ಬೆರಳಿನಲ್ಲಿ ತಿರುಗಿಸಿ ನೋಡಿ, ಪರಜಾತಿಯವನನ್ನು ಅಳಿಯನೆಂದು ಒಪ್ಪಿಕೊಳ್ಳುವ ಹಳೆಯ ಮಾವನ ಮುಖ ಮಾಡಿದರು.

ಮಾರನೆಯ ಬೆಳಿಗ್ಗೆ ನಾನು ಅಕ್ಕನ ಮನೆಗೆ ಟೀ ಕುಡಿಯಲು ಹೋದೆ. ನನ್ನ ಮನೆ ಹಿಂದಿನ ಬೀದಿಯಲ್ಲೇ ಇದೆ, ನನ್ನ ಮನೆಯ ಟೀಯೂ ಪರವಾಗಿಲ್ಲ, ಆದರೆ ಅಲ್ಲಿ ಲೋಟ ನಾನೇ ತೊಳೆಯಬೇಕು. ಭಾವ ಹಜಾರದ ಕುರ್ಚಿಯಲ್ಲಿ ಬನಿಯನ್ನಿನಲ್ಲಿ ಕೂತಿದ್ದರು. ಕೈ ತೊಡೆಯ ಮೇಲೆ, ಕಣ್ಣು ಚಾವಣಿಯ ಮೇಲೆ. ಏನು ಭಾವ ಹೀಗೆ ಎಂದೆ.

"ಶೂನ್ಯ ಸ್ಥಿತಿ" ಎಂದರು.

ಕರೆಂಟು ಕಿತ್ತು, ಗಾಳಿ ಬಿಟ್ಟು, ಭಾರ ಇಳಿಸಿ, ಇನ್ನು ಅಲುಗಾಡಲು ಏನೂ ಉಳಿಯದ ಯಂತ್ರಕ್ಕೆ ಅವರ ಕಸುಬಿನಲ್ಲಿ ಹಾಗೆನ್ನುತ್ತಾರೆ. ಇವತ್ತಿನಿಂದ ತಾವೂ ಅದೇ ಎಂದು ಸಾರಿ, ಫೋನನ್ನೂ ಆರಿಸಿ ಬೀರುವಿನಲ್ಲಿ ಇಟ್ಟಿದ್ದರು. ಅಕ್ಕ ಒಳಗಿನಿಂದಲೇ, ಶೂನ್ಯ ಸ್ಥಿತಿಯವರಿಗೆ ತಿಂಡಿಯೂ ಬೇಡವೇನೋ ಕೇಳು ಎಂದಳು. ತಿಂಡಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ಭಾವ ತಿಳಿಸಿದರು.

ಆಮೇಲೆ ಅಕ್ಕ ಬಚ್ಚಲಿನಿಂದ ಹೊರಬಂದಳು. ಒಂದು ಕೈಯಲ್ಲಿ ಭಾವನ ನಿನ್ನೆಯ ಪ್ಯಾಂಟು, ಇನ್ನೊಂದು ಕೈಯಲ್ಲಿ ಕೆಂಪು ದಾರ ಕಟ್ಟಿದ ಸಣ್ಣ ಕೀಲಿ.

"ರೀ, ಇದು ನಿಮ್ಮ ಕಾರ್ಖಾನೆದಲ್ವಾ? ವಾಪಸ್ ಕೊಡ್ಲಿಲ್ವಾ?"

ಶೂನ್ಯ ಸ್ಥಿತಿಯಲ್ಲಿದ್ದ ಮನುಷ್ಯ ಕುರ್ಚಿಯಿಂದ ಹಾಗೆ ಎದ್ದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಮುಖ ಬಿಳಿಚಿಕೊಂಡಿತು. ಅಂಗಿ ಹಾಕಿಕೊಳ್ಳಲು ಹೋಗಿ ಎರಡು ಸಲ ಒಂದೇ ತೋಳಿಗೆ ಎರಡು ಕೈ ತೂರಿಸಿದರು. ಬೀರುವಿನಿಂದ ಫೋನು ತೆಗೆದು ಆನ್ ಮಾಡಿದ್ದೇ ತಡ, ಅದು ಇದಕ್ಕೇ ಕಾಯುತ್ತಿದ್ದ ಹಾಗೆ ಒದರತೊಡಗಿತು. ಕಾರ್ಖಾನೆಯದೇ ಕರೆ. ನಿಂತಿತು, ಮತ್ತೆ ಒದರಿತು.

"ಎತ್ತಿ ಹೇಳ್ಬಿಡಿ, ಮನೇಲಿದ್ದೀನಿ ಅಂತ" ಎಂದಳು ಅಕ್ಕ.

ಭಾವ ಎತ್ತಲಿಲ್ಲ. ಫೋನನ್ನು ಬಿಸಿ ಆಲೂಗಡ್ಡೆಯ ಹಾಗೆ ಕೈಯಿಂದ ಕೈಗೆ ಬದಲಿಸುತ್ತಿದ್ದ ಅವರ ಕಣ್ಣಿನಲ್ಲಿ ನಾನು ಹಿಂದೆಂದೂ ಕಾಣದ ಒಂದು ಕಳ್ಳಬೆಳಕು ಮಿನುಗಿತು.

"ಎತ್ತಿದ್ರೆ ಒಪ್ಪಿಗೆ ಕೇಳ್ತಾರೆ, ಕತ್ತರಿಸ್ತಾರೆ. ಎತ್ತದಿದ್ರೆ ನಾನು ಒಳಗಿಲ್ಲ ಅಂತ ಪೂರ್ತಿ ಹುಡುಕ್ಬೇಕು. ಫಿಟ್ಟರಮ್ಮ ಹುಡುಕೋಕೆ ನಿಂತ್ರೆ ಬೇಗ ಮುಗಿಯಲ್ಲ. ನೀನು ಸ್ಕೂಟರ್ ತೆಗಿಯಯ್ಯಾ."

ತಾವೇ ಕಲಿಸಿದ ನಿಯಮದ ಸಂದಿಯಲ್ಲಿ ತಾವೇ ನುಸುಳುತ್ತಿದ್ದಾರೆಂದು ನನಗೂ ಅನಿಸಿತು. ಆದರೆ ಭಾವನ ಮುಂದೆ ಯಂತ್ರದ ವಿಷಯ ಎತ್ತಿ ಗೆದ್ದವರುಂಟೇ? ಸ್ಕೂಟರು ತೆಗೆದೆ. ದಾರಿಯುದ್ದಕ್ಕೂ ಅವರು ನನ್ನ ಭುಜವನ್ನು ಹಿಂಡುತ್ತ, ತೊಟ್ಟಿಯ ಮೇಲೆ ಮ್ಯಾನೇಜರ ಪಕ್ಕದಲ್ಲಿ ತಮ್ಮ ಫೋಟೋ ತೂಗುವುದನ್ನು ಬಣ್ಣಿಸುತ್ತ ಬಂದರು. ಟೈ ಕೂಡ ಇಲ್ಲದ ಫೋಟೋ. ಜೇಬಿನಲ್ಲಿ ಫೋನು ಒದರುತ್ತಲೇ ಇತ್ತು. ನಾನು ಮುಂದಿದ್ದ ಎಮ್ಮೆಯನ್ನೂ ಹಿಂದೆ ಹಾಕುವ ಸವಾರನಲ್ಲ. ಅಂದು ಎರಡು ಸೈಕಲ್ಲುಗಳನ್ನು ಹಿಂದೆ ಹಾಕಿದೆ.

ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. ನಿನ್ನೆಯವರೆಗೆ ಸೆಲ್ಯೂಟು ಹೊಡೆಯುತ್ತಿದ್ದ ಕೈಯೇ ಅದು. ಇವತ್ತಿನಿಂದ ಅಣ್ಣ ಹೊರಗಿನವರು, ಹೊರಗಿನವರು ಚಪ್ಪಲಿಯಲ್ಲಿ ಒಳಗೆ ಹೋಗುವಂತಿಲ್ಲ, ಬೂಟು ಮತ್ತು ಟೋಪಿ ಬೇಕೇ ಬೇಕು, ಹಾಗೆಂದು ಅಣ್ಣನೇ ತನ್ನನ್ನು ಹೋದ ವರ್ಷ ಬೈದಿದ್ದರು ಎಂದು ಬಹಳ ವಿನಯದಿಂದ ನೆನಪಿಸಿದ. ಭಾವ ಹಲ್ಲು ಕಡಿದರು. ಹೊರಗಿನವರಿಗೆಂದು ಇಟ್ಟ ಬೂಟುಗಳಲ್ಲಿ ಭಾವನಿಗೆ ಸಿಕ್ಕಿದ್ದು ಇಬ್ಬರು ಹಿಡಿಸುವಷ್ಟು ದೊಡ್ಡದು. ನನಗೆ ಸಿಕ್ಕ ಟೋಪಿ ಮೂಗಿನವರೆಗೆ ಇಳಿಯಿತು. ಹೀಗೆ ಒಬ್ಬರು ನಡೆಯಲಾರದೆ, ಇನ್ನೊಬ್ಬರು ಕಾಣಲಾರದೆ, ಅಂಗಳ ದಾಟಿದೆವು.

ಮಿಕ್ಸರಿನ ಮುಂದೆ ಜನ ಸೇರಿತ್ತು. ಮ್ಯಾನೇಜರು ತೋಳುದ್ದದ ಕತ್ತರಿಯನ್ನು, ಮೊದಲ ಸಲ ಬ್ಯಾಟು ಹಿಡಿದವರಂತೆ, ಹೆಗಲ ಮೇಲಿಟ್ಟುಕೊಂಡು ನಿಂತಿದ್ದರು. ಬೇರೆಯವರಿಗೆ ಕೊಡಲು ಒಪ್ಪಿರಲಿಲ್ಲವಂತೆ. ಹೊರಗೆ ಹಿಂಡಿಗೆ ಬಂದ ಲಾರಿಗಳು ಸಾಲುಗಟ್ಟಿದ್ದರೂ ಅವರ ಮುಖದಲ್ಲಿ ಅಂಥ ಚಿಂತೆಯೇನೂ ಕಾಣಲಿಲ್ಲ. ಫಿಟ್ಟರಮ್ಮ ಬೆಳಿಗ್ಗೆಯಿಂದ ಭಾವನನ್ನು ಹುಡುಕುತ್ತಿದ್ದರು. ಮೇಲಿನ ಗಾಳಿಕಿಂಡಿಗೆ ಬಗ್ಗಿ "ಅಣ್ಣಾ, ಒಳಗಿದ್ದೀರಾ?" ಕೆಳಗಿನ ಕೊಳವೆಗೆ ಬಾಯಿಟ್ಟು "ಅಣ್ಣಾ, ಒಳಗಿದ್ದೀರಾ?" ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನಿನ್ನೆ ಸೂಟ್‌ಕೇಸು ಕೊಟ್ಟು ಎಲ್ಲರೆದುರೇ ಕಳಿಸಿದ ಮನುಷ್ಯನನ್ನು ಕೊಳವೆಯಲ್ಲಿ ಹುಡುಕುವುದೇಕೆ ಎಂದು ಮ್ಯಾನೇಜರು ಕೇಳಿದ್ದರಂತೆ. ಸೂಟ್‌ಕೇಸು ಕೊಟ್ಟಿದ್ದನ್ನು ನೋಡಿದ್ದೇನೆ, ಗೇಟು ದಾಟಿದ್ದನ್ನು ನೋಡಿಲ್ಲ ಎಂದು ಆಕೆ ಅಂದಿದ್ದರಂತೆ.

ಭಾವ ಬೂಟು ಎಳೆಯುತ್ತ ಜನರನ್ನು ಸೀಳಿಕೊಂಡು ಬಂದಾಗ ಗದ್ದಲ ನಿಂತಿತು. ಮ್ಯಾನೇಜರ ಹೆಗಲಿನಿಂದ ಕತ್ತರಿ ನಿಧಾನವಾಗಿ ಇಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಮುಖ. ಭಾವ ಕೀಲಿಯನ್ನು ಎತ್ತಿ ಎಲ್ಲರಿಗೂ ತೋರಿಸಿದರು, ಗೆದ್ದವರ ಹಾಗೆ.

"ಕತ್ತರಿ ಬೇಡ ಸಾರ್. ಕೀಲಿ ಬಂತು. ಈಗ ತೆಗೀತೀನಿ, ಓಡ್ಸಿ."

ಬೀಗಕ್ಕೆ ಕೈ ಚಾಚಿದರು. ಬೀಗದ ಮೇಲೆ ಆಗಲೇ ಇನ್ನೊಂದು ಕೈ ಇತ್ತು. ಫಿಟ್ಟರಮ್ಮನ ಕೈ.

"ಮೇಲೆ ಕೆಳಗೆ ಆಯ್ತು, ಇನ್ನೂ ಪಕ್ಕದ ಬಾಗಿಲು ತೆಗೆದು ನೋಡಿಲ್ಲ ಅಣ್ಣಾ."

"ನಾನು ಇಲ್ಲೇ ನಿಂತಿದ್ದೀನಲ್ಲಮ್ಮಾ. ಒಳಗೆ ಯಾರನ್ನ ಹುಡುಕ್ತೀಯ?"

ಜನ ಗೊಳ್ಳೆಂದರು. ಆಕೆ ನಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

"ನೀವು ಇಲ್ಲಿದ್ದೀರ, ಸರಿ. ಒಳಗೆ ಬೇರೆ ಯಾರೂ ಇಲ್ಲ ಅಂತ ಹೇಗೆ ಹೇಳೋದು? ತೆಗೆಯೋಕೆ ಮುಂಚೆ ಒಂದ್ಸಲ ನೋಡ್ಬೇಕು ಅಂತ ನೀವೇ ಹೇಳಿದ್ದು."

"ನಿನ್ನೆ ನಾನೇ ಮುಚ್ಚಿದ ಬಾಗಿಲು ಅದು."

"ಇರಬಹುದು. ಆದ್ರೂ ನೋಡ್ಬೇಕು."

ಇಷ್ಟು ವರ್ಷ ಅಕ್ಕನಿಗೆ ಕೇಳಿಸಿದ ಮಾತು ತಿರುಗಿ ಬಂದು ಭಾವನ ಕಿವಿಗೇ ಬಡಿಯಿತು. ಅವರು ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು, ಬೇಗ ಮುಗಿಸಿ ಎಂಬಂತೆ ಗಡಿಯಾರ ನೋಡಿದರು. ಆಕೆ ಯಾರ ಕಡೆಯೂ ನೋಡದೆ ತಮ್ಮ ಬೀಗವನ್ನೂ ಕೊಂಡಿಗೆ ಹಾಕಿ, ಕೀಲಿ ಜೇಬಿಗಿಳಿಸಿ, ಸುತ್ತಿ ಹೋಗಿ ಪಕ್ಕದ ಬಾಗಿಲಿನ ಹಿಡಿಕೆ ತಿರುಗಿಸಿ, ಒಳಗೆ ಟಾರ್ಚು ಬಿಟ್ಟರು.

ಎರಡು ಅಂಗಾಲು ಕಂಡವು.

ಹೊಸ ರೆಕ್ಕೆಗಳ ನಡುವೆ, ತಲೆಗೆ ಗೋಣಿಚೀಲ ಮಡಚಿಟ್ಟುಕೊಂಡು, ನಿದ್ದೆ ಮಾಮ ಹಾಯಾಗಿ ಮಲಗಿದ್ದರು. ಕಬ್ಬಿಣದ ತೊಟ್ಟಿ ಬೆಳಗಿನ ಹೊತ್ತು ತಣ್ಣಗಿರುತ್ತದೆ. ಹೊರಗಿನ ಬಿಸಿಲು, ಮೇಸ್ತ್ರಿ, ಎರಡೂ ಒಳಗೆ ಬರುವುದಿಲ್ಲ. ಮೊದಲ ಬಸ್ಸಿಗೆ ಬಂದವರು, ಯಾರೂ ಇನ್ನೂ ಬಂದಿಲ್ಲವೆಂದು ನುಸುಳಿ ಬಾಗಿಲು ಎಳೆದುಕೊಂಡಿದ್ದರು. ಯಾರೂ ನಗಲಿಲ್ಲ. ಜನರ ನಡುವೆ ಯಾರೋ ಮೂಟೆಯ ಮೇಲೆ ಧಪ್ಪನೆ ಕೂತ ಸದ್ದಾಯಿತು. ಟೋಪಿ ಎತ್ತಿ ನೋಡಿದರೆ ಭಾವ.

ಮಾಮನನ್ನು ಕಾಲು ಹಿಡಿದು ಅಲುಗಿಸಿದರು. ಅವರು ಕಣ್ಣುಜ್ಜುತ್ತ ಹೊರಗೆ ತಲೆ ಹಾಕಿದಾಗ ಮೊದಲು ಕಂಡದ್ದು ಮ್ಯಾನೇಜರ ಮುಖ.

"ಭಾಷಣ ಮುಗೀತಾ ಸಾರ್?" ಎಂದರು.

ಆಗ ಎಲ್ಲರ ಉಸಿರೂ ಒಟ್ಟಿಗೆ ಹೊರಬಂತು. ಮ್ಯಾನೇಜರು ಕತ್ತರಿಯನ್ನು ನೆಲಕ್ಕಿಟ್ಟು ಅದರಿಂದ ಎರಡು ಹೆಜ್ಜೆ ಹಿಂದೆ ಸರಿದರು, ಅದು ಕಚ್ಚುತ್ತದೆಂಬಂತೆ. ಒಳಗೆ ಯಾಕೆ ಹೋದಿರಿ ಎಂದು ಕೇಳಿದ್ದು ಫಿಟ್ಟರಮ್ಮ.

"ಅಣ್ಣನ ಬೀಗ ಇತ್ತಲ್ಲಮ್ಮಾ. ಅದಿರೋ ತನಕ ಯಾರ ಅಪ್ಪನೂ ಓಡ್ಸಲ್ಲ ಅಂತ."

"ನಿಮ್ಮ ಬೀಗ ಎಲ್ಲಿ?"

ಮಾಮ ತಲೆ ಕೆರೆದುಕೊಂಡರು.

"ಅದು ಊಟದ ಡಬ್ಬಿಗೆ ಹಾಕಿದ್ದೀನಿ. ಇಲ್ಲಿ ಕಳ್ರು ಜಾಸ್ತಿ."

ನಿಜವಾಗಿಯೂ ಕಿಟಕಿಯ ಮೇಲೆ ಅವರ ಡಬ್ಬಿ ಇತ್ತು. ಹಿಡಿಕೆಗೆ ಕೆಂಪು ಬೀಗ, ಬೀಗಕ್ಕೆ ಚೀಟಿ, ಚೀಟಿಯಲ್ಲಿ ಅರ್ಧ ಕಣ್ಣು ಮುಚ್ಚಿದ ಫೋಟೋ: 'ನಾನು ಕೆಲಸದಲ್ಲಿದ್ದೇನೆ. ನನ್ನನ್ನು ಕೇಳದೆ ಮುಟ್ಟಬೇಡಿ.' ಜನ ಮತ್ತೆ ನಕ್ಕರು, ಈ ಸಲ ಸ್ವಲ್ಪ ಹೆಚ್ಚೇ ನಕ್ಕರು. ಭಾವ ನಗಲಿಲ್ಲ. ಅವರ ಕಣ್ಣು ತಮ್ಮ ಕೈಯಲ್ಲಿದ್ದ ಕೀಲಿಯ ಮೇಲಿತ್ತು. ಫೋನು ಎತ್ತಿ ಮನೆಯಲ್ಲಿದ್ದೇನೆ ಎಂದಿದ್ದರೆ ಬೀಗ ಆಗಲೇ ತುಂಡಾಗುತ್ತಿತ್ತು. ಫಿಟ್ಟರಮ್ಮ ಕೈ ತೆಗೆದಿದ್ದರೆ ತಾವೇ ತೆಗೆಯುತ್ತಿದ್ದರು. ಎರಡು ದಾರಿಯೂ ಒಂದೇ ಕಡೆ ಹೋಗುತ್ತಿತ್ತು. ಫೋನು ಎತ್ತದಿದ್ದದ್ದೇ ಒಳ್ಳೆಯದಾಯಿತಲ್ಲ ಭಾವ ಎಂದು ನಾನು ಸಮಾಧಾನ ಹೇಳಿದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಟೋಪಿಯನ್ನು ಮತ್ತೆ ಮೂಗಿನವರೆಗೆ ಇಳಿಸಿಕೊಂಡೆ.

ಮೂಟೆಯಿಂದ ಎದ್ದು ಅವರು ಮಿಕ್ಸರಿನ ಸುತ್ತ ಒಂದು ಸುತ್ತು ಬಂದರು. ಬಾಗಿಲು ನೋಡಿದರು. ಬಗ್ಗಿ ಒಳಗೆ ನೋಡಿದರು. ಮಾಮನನ್ನು ಮೇಲಿಂದ ಕೆಳಗೆ, ಕೈಕಾಲು ಎಣಿಸುವವರಂತೆ ನೋಡಿದರು. ಆಮೇಲೆ ಫಿಟ್ಟರಮ್ಮನ ಮುಂದೆ ನಿಂತು, "ತೆಗೀಲಾಮ್ಮಾ?" ಎಂದು ಕೇಳಿದರು. ಆ ಕಾರ್ಖಾನೆಯಲ್ಲಿ ಅವರು ಇನ್ನೊಬ್ಬರನ್ನು ಅಪ್ಪಣೆ ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ಆಕೆ ತಲೆಯಾಡಿಸಿದರು. ಭಾವ ತಮ್ಮ ಬೀಗ ತೆಗೆದರು. ಈ ಸಲ ಕೊನೆಯ ಬೀಗ ಫಿಟ್ಟರಮ್ಮನದು.

ಮಿಕ್ಸರು ಗುಡುಗಿ ತಿರುಗತೊಡಗಿತು. ಹೊಸ ರೆಕ್ಕೆಗಳ ಸದ್ದು ಕೇಳುತ್ತ ನಿದ್ದೆ ಮಾಮ ಮೊದಲ ಬಾರಿಗೆ ಕಣ್ಣು ಪೂರ್ತಿ ತೆರೆದು ನಿಂತಿದ್ದರು.

ಮ್ಯಾನೇಜರು ದೊಡ್ಡ ಮನಸ್ಸು ಮಾಡಿದರು. ಬೀಗ ಕತ್ತರಿಸಿಲ್ಲವಲ್ಲ, ಹಾಗಾಗಿ ಮೊಳೆಯ ಮಾತೇ ಇಲ್ಲ, ಬನ್ನಿ ಟೀ ಕುಡಿಯೋಣ ಎಂದರು. ನಿಯಮದ ಪ್ರಕಾರ ಅದು ಸರಿಯೇ. ಬೀಗಕ್ಕೆ ಕತ್ತರಿಯ ನೆರಳೂ ಬಿದ್ದಿರಲಿಲ್ಲ, ನೆರಳು ಹೆಗಲಿನಿಂದಲೇ ಇಳಿದುಹೋಗಿತ್ತು. ಮನೆಗೆ ಹೋಗಿ ನೆಂಟರಿಗೆ ಮೊದಲಿನಂತೆಯೇ ಹೇಳಿಕೊಳ್ಳಬಹುದಿತ್ತು.

ಭಾವ ಟೀ ಲೋಟ ಮುಟ್ಟಲಿಲ್ಲ. ಆ ದೊಡ್ಡ ಬೂಟುಗಳನ್ನು ಎಳೆಯುತ್ತ ಕ್ಯಾಂಟೀನಿನ ತೊಟ್ಟಿಯ ಹತ್ತಿರ ಹೋದರು. ಮೊಳೆಯ ಉಂಗುರಕ್ಕೆ ತಮ್ಮ ಬೀಗ ಸಿಕ್ಕಿಸಿದರು. ತುಂಡು ಬೀಗಗಳ ನಡುವೆ ಅದೊಂದೇ ಇಡೀ ಬೀಗ. ಕ್ಲಿಕ್ಕೆಂದು ಒತ್ತಿದರು. ಚೀಟಿಯನ್ನು ತಿರುಗಿಸಿ ಫೋಟೋ ಎಲ್ಲರಿಗೂ ಕಾಣುವಂತೆ ಇಟ್ಟರು. ಪಕ್ಕದಲ್ಲಿ ಟೈ ಕಟ್ಟಿದ ಮ್ಯಾನೇಜರು ಅರ್ಧ ಮೀಸೆಯಲ್ಲಿ ನಗುತ್ತಿದ್ದರು. ಭಾವ ಬೀಗವನ್ನು ಒಮ್ಮೆ ಎಳೆದು, ಬಿಗಿಯಾಗಿದೆಯೇ ಎಂದು ನೋಡಿದರು. ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಇನ್ನು ಅದನ್ನು ತೆಗೆಯುವವರು ಯಾರು? ಹಾಕಿದವರೇ ತೆಗೆಯಬೇಕು. ಹಾಕಿದವರು ನಿವೃತ್ತರಾಗಿ ಮನೆಗೆ ಹೊರಟಿದ್ದರು. ಈಗಲೂ ಅಲ್ಲಿ ಕೈ ತೊಳೆಯಲು ಬಗ್ಗಿದವರು ತಲೆಯೆತ್ತಿದರೆ ಭಾವ ಕಾಣುತ್ತಾರೆ, ಕೆಳಗೆ ಅದೇ ಸಾಲು ಇದೆ, ನಾನು ಕೆಲಸದಲ್ಲಿದ್ದೇನೆ ಎಂದು.

ಮನೆಗೆ ಬರುವಾಗ ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿಕೊಂಡು ಹೋದವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಅಂಗಾಲು ಕಂಡ ಭಾಗಕ್ಕೆ ಬಂದಾಗ ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು, ಭಾವನ ಮುಂದೆ ಅಂಗೈ ಚಾಚಿದಳು.

"ಕೀಲಿ ಕೊಡಿ ಇಲ್ಲಿ. ಇನ್ಮೇಲೆ ನಾನಿಟ್ಕೋತೀನಿ. ನಿಮ್ಮ ಜೇಬು ತಡಕಿ ತಡಕಿ ಪ್ಯಾಂಟು ಒಗೆಯೋಕೆ ನನ್ನಿಂದಾಗಲ್ಲ."

ಭಾವ ಜೇಬನ್ನು ಒತ್ತಿ ಹಿಡಿದುಕೊಂಡರು.

"ಹಾಕಿದವರ ಜೇಬಲ್ಲೇ ಇರ್ಬೇಕು ಕಣೇ."

"ಹೌದಾ" ಎಂದಳು ಅಕ್ಕ. "ಹಾಗಾದ್ರೆ ಪ್ಯಾಂಟೂ ಹಾಕಿದವರೇ ಒಗ್ಕೊಳ್ಳಿ."

ಸಾಬೂನಿನ ಡಬ್ಬಿಯನ್ನು ಅವರ ಕೈಗಿಟ್ಟು ಒಳಗೆ ಹೋದಳು. ಭಾವ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಬೆಳಿಗ್ಗೆ ಬಿಟ್ಟುಹೋಗಿದ್ದ ಟೀ ಲೋಟದೊಳಗೆ ನೋಡಿದೆ. ನಂತರ ಅವರು ಬಚ್ಚಲಿಗೆ ಹೋಗಿ, ಬಟ್ಟೆ ಒಗೆಯುವ ಯಂತ್ರದ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು ಜೇಬಿಗೆ ಹಾಕಿಕೊಂಡು, ಗುಂಡಿ ಒತ್ತಿ ನೋಡಿ, ಮುಚ್ಚಳ ಎತ್ತಿ, ಒಳಗೆ ಯಾರೂ ಇಲ್ಲವೆಂದು ಟಾರ್ಚು ಬಿಟ್ಟು ಖಾತ್ರಿ ಮಾಡಿಕೊಂಡು, ನಿವೃತ್ತ ಜೀವನದ ಮೊದಲ ಕೆಲಸಕ್ಕೆ ತೊಡಗಿದರು.